ನರಗುಂದದ ಬಾಬಾಸಾಹೇಬ: ತಿರಸ್ಕೃತ ಅರ್ಜಿಯಿಂದ ನೇಣುಗಂಬದವರೆಗೆ

1858ರ ಜೂನ್ 12ರಂದು ಬೆಳಗಾವಿಯಲ್ಲಿ ನರಗುಂದದ ಸಂಸ್ಥಾನಿಕ ಭಾಸ್ಕರರಾವ್ ಭಾವೆಯನ್ನು ಬ್ರಿಟಿಷರು ಗಲ್ಲಿಗೇರಿಸಿದರು. ಬಾಬಾಸಾಹೇಬ ಎಂಬ ಹೆಸರಿನಿಂದಲೇ ಉತ್ತರ ಕರ್ನಾಟಕದ ಜನಮನದಲ್ಲಿ ಉಳಿದಿರುವ ಆತನ ಮೇಲಿದ್ದ ಮುಖ್ಯ ಆರೋಪ, ದಕ್ಷಿಣ ಮರಾಠಾ ಸೀಮೆಯ ಪೊಲಿಟಿಕಲ್ ಏಜೆಂಟನ ಹೊಣೆ ಹೊತ್ತಿದ್ದ ಚಾರ್ಲ್ಸ್ ಮ್ಯಾನ್ಸನ್ ಎಂಬ ಅಧಿಕಾರಿಯ ಕೊಲೆ. ಕೊಲೆ ನಡೆದದ್ದು ಮೇ 29ರ ರಾತ್ರಿ. ಅಪರಾಧ, ದಂಡಯಾತ್ರೆ, ಕೋಟೆಯ ಪತನ, ಪಲಾಯನ, ಸೆರೆ, ವಿಚಾರಣೆ ಮತ್ತು ಮರಣದಂಡನೆ ಎಲ್ಲವೂ 14 ದಿನಗಳಲ್ಲಿ ಮುಗಿದುಹೋದವು. ಆದರೆ ಆ 14 ದಿನಗಳ ಹಿಂದೆ ಅನೇಕ ವರ್ಷಗಳ ಒಂದು ಕಡತವಿತ್ತು. ಬಾಬಾಸಾಹೇಬನ ಬದುಕನ್ನು ಅರಿಯಬೇಕಾದರೆ ಸುರೇಬಾನದ ಆ ರಾತ್ರಿಯಷ್ಟೇ ಎಚ್ಚರಿಕೆಯಿಂದ ಆ ಕಡತವನ್ನೂ ಓದಬೇಕು.

ನರಗುಂದ ಇಂದು ಗದಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಕಪ್ಪು ಎರೆಮಣ್ಣಿನ ಬಯಲಿನ ನಡುವೆ ಥಟ್ಟನೆ ಎದ್ದು ನಿಂತಿರುವ ಗುಡ್ಡ, ಅದರ ಮೇಲೆ ಕೋಟೆಯ ಅವಶೇಷ, ಬುಡದಲ್ಲಿ ಊರು. ಶಿವಾಜಿಯ ಕಾಲದಲ್ಲಿ ಮರಾಠರ ಕೈಸೇರಿದ ಈ ಕೋಟೆ ಮುಂದೆ ಭಾವೆ ಮನೆತನದ ವಶಕ್ಕೆ ಬಂತು. ಎರಡು ದೊಡ್ಡ ರಾಜ್ಯಗಳ ಗಡಿಯಲ್ಲಿ ಬದುಕುವ ಸಣ್ಣ ಸಂಸ್ಥಾನದ ಕಷ್ಟ ಈ ಮನೆತನಕ್ಕೆ ಹೊಸದಾಗಿರಲಿಲ್ಲ. 1785ರಲ್ಲಿ ಟಿಪ್ಪುವಿನ ಸೇನೆ ನರಗುಂದಕ್ಕೆ ಮುತ್ತಿಗೆ ಹಾಕಿ, ಆಗಿನ ದೊರೆ ವೆಂಕಟರಾಯನನ್ನು ಕುಟುಂಬ ಸಮೇತ ಸೆರೆಯಾಗಿ ಒಯ್ದಿತ್ತು. ಮರುವರ್ಷ ಮರಾಠರು ಮತ್ತು ನಿಜಾಮ ಟಿಪ್ಪುವಿನ ಮೇಲೆ ಯುದ್ಧ ಹೂಡಲು ಇದ್ದ ಕಾರಣಗಳಲ್ಲಿ ಅದೂ ಒಂದು. 1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡಾಗ ಈಸ್ಟ್ ಇಂಡಿಯಾ ಕಂಪನಿ ಈ ಭಾಗದ ಹಲವು ಸಣ್ಣ ಸಂಸ್ಥಾನಿಕರನ್ನು ಅವರವರ ಜಾಗದಲ್ಲಿಯೇ ಮುಂದುವರಿಸಿತು. ನರಗುಂದ, ರಾಮದುರ್ಗಗಳ ಭಾವೆಯರೂ ಹಾಗೆ ಉಳಿದವರು.

ಆ ಮನೆತನದ ಕೊನೆಯ ಆಳರಸ ಬಾಬಾಸಾಹೇಬ ಕೇವಲ ಕತ್ತಿ ಹಿಡಿದ ಪಾಳೆಯಗಾರನಲ್ಲ. ಆತ ವಿದ್ಯಾವಂತ, ಗ್ರಂಥಪ್ರೇಮಿ. ಆತನ ಸಂಗ್ರಹದಲ್ಲಿ ಮೂರು ನಾಲ್ಕು ಸಾವಿರ ಸಂಸ್ಕೃತ ಗ್ರಂಥಗಳಿದ್ದವೆಂದು ಹೇಳುತ್ತಾರೆ. ಅಚ್ಚಿನ ಪುಸ್ತಕ ಅಪರೂಪವಾಗಿದ್ದ ಕಾಲದಲ್ಲಿ, ಅಷ್ಟು ಸಣ್ಣ ಊರಿನಲ್ಲಿ ಅಂಥ ಭಂಡಾರವೊಂದು ಬೆಳೆಯಬೇಕಾದರೆ ಅದರ ಹಿಂದೆ ವರ್ಷಗಳ ಆಸಕ್ತಿ, ಹಣ ಮತ್ತು ಪಂಡಿತರ ಒಡನಾಟ ಇದ್ದಿರಲೇಬೇಕು. ಈ ಸೀಮೆಯ ಸಂಸ್ಥಾನಿಕರಲ್ಲಿ ಆತನನ್ನು ಬುದ್ಧಿವಂತನೆಂದು ಬ್ರಿಟಿಷ್ ಅಧಿಕಾರಿಗಳೂ ಗುರುತಿಸಿದ್ದರು. ಇಂಥ ವ್ಯಕ್ತಿ ಒಂದು ದೊಡ್ಡ ಸಾಮ್ರಾಜ್ಯದ ವಿರುದ್ಧ ಗೆಲ್ಲುವ ಸಾಧ್ಯತೆಯೇ ಇಲ್ಲದ ಕಾಳಗಕ್ಕೆ ಏಕೆ ಇಳಿದ ಎಂಬುದು ಯೋಚಿಸಬೇಕಾದ ಪ್ರಶ್ನೆ.

ಉತ್ತರದ ಮೊದಲ ಎಳೆ ಆತನ ಮನೆಯೊಳಗೇ ಇತ್ತು. ಬಾಬಾಸಾಹೇಬನಿಗೆ ವಾರಸುದಾರನಿರಲಿಲ್ಲ. ದತ್ತು ತೆಗೆದುಕೊಳ್ಳಲು ಅನುಮತಿ ಬೇಡಿ ಆತ ಸರ್ಕಾರಕ್ಕೆ ಅರ್ಜಿ ಸಲ್ಲಿಸಿದ. ಅರ್ಜಿ ತಿರಸ್ಕೃತವಾಯಿತು. ಹಿಂದೂ ಧರ್ಮಶಾಸ್ತ್ರದ ಪ್ರಕಾರ ದತ್ತುಪುತ್ರ ಔರಸಪುತ್ರನಿಗೆ ಸಮಾನ. ಪಿತೃಕಾರ್ಯಕ್ಕೆ ಅಧಿಕಾರಿ, ಆಸ್ತಿಗೂ ಹಕ್ಕುದಾರ. ಆದರೆ ಸಂಸ್ಥಾನದ ಅಧಿಕಾರ ಖಾಸಗಿ ಆಸ್ತಿಯಲ್ಲ, ಅದು ಸಾರ್ವಭೌಮನ ಅನುಗ್ರಹದಿಂದ ಬಂದದ್ದು, ಅನುಮತಿಯಿಲ್ಲದ ದತ್ತಕಕ್ಕೆ ಅದು ಇಳಿಯದು ಎಂಬುದು ಕಂಪನಿಯ ವಾದ. ಡಾಲ್‌ಹೌಸಿಯ ಕಾಲದಲ್ಲಿ ಇದು ಒಂದು ನೀತಿಯಾಗಿಯೇ ರೂಪುಗೊಂಡು 1848ರಲ್ಲಿ ಸಾತಾರಾ, 1854ರಲ್ಲಿ ಝಾನ್ಸಿ ಮತ್ತು ನಾಗಪುರ ಕಂಪನಿಯ ವಶವಾದವು. ಇಷ್ಟು ದೊಡ್ಡ ರಾಜ್ಯಗಳೇ ಒಂದು ಆದೇಶದಿಂದ ಅಳಿದುಹೋದಾಗ ನರಗುಂದದಂಥ ಪುಟ್ಟ ಸಂಸ್ಥಾನದ ಭವಿಷ್ಯ ಏನೆಂಬುದನ್ನು ಊಹಿಸಲು ಬಾಬಾಸಾಹೇಬನಿಗೆ ಜ್ಯೋತಿಷ್ಯ ಬೇಕಾಗಿರಲಿಲ್ಲ. ತಾನು ಕಣ್ಣು ಮುಚ್ಚಿದ ಮರುದಿನ ನರಗುಂದ ಇರುವುದಿಲ್ಲವೆಂಬುದು ಆತನಿಗೆ ಸ್ಪಷ್ಟವಾಗಿತ್ತು.

ಧಾರವಾಡ ಸೀಮೆಗೆ ಈ ಕಹಿ ಹೊಸದೂ ಅಲ್ಲ. 1824ರಲ್ಲಿ ಕಿತ್ತೂರಿನ ದತ್ತಕವನ್ನು ಮಾನ್ಯ ಮಾಡಲು ಒಪ್ಪದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸೈನ್ಯದೊಡನೆ ಹೋದದ್ದು, ಅಕ್ಟೋಬರ್ 23ರಂದು ಕೋಟೆಯ ಮುಂದೆ ಆತ ಹತನಾದದ್ದು, ರಾಣಿ ಚೆನ್ನಮ್ಮನ ಹೋರಾಟ ಇವೆಲ್ಲ ನಮ್ಮ ಶಾಲಾಮಕ್ಕಳಿಗೂ ತಿಳಿದ ಸಂಗತಿ. ಆ ಘಟನೆಯಿಂದ ಆಡಳಿತ ಯಾವ ಪಾಠ ಕಲಿಯಿತು ಎಂದು ಕೇಳಿದರೆ ಉತ್ತರ ನಿರಾಶಾದಾಯಕ. 34 ವರ್ಷಗಳ ನಂತರ ಅದೇ ಸೀಮೆಯಲ್ಲಿ, ಅದೇ ವಿಷಯಕ್ಕೆ ಸಂಬಂಧಿಸಿದ ಅಸಮಾಧಾನದ ನಡುವೆ ಇನ್ನೊಬ್ಬ ಅಧಿಕಾರಿ ಪ್ರಾಣ ಕಳೆದುಕೊಂಡ.

ಎರಡನೆಯ ಎಳೆ ಇನಾಂ ಕಮಿಷನ್. ಹಿಂದಿನ ದೊರೆಗಳು ದೇವಸ್ಥಾನ, ಮಠ, ಪಂಡಿತರು, ಸೈನಿಕರು, ಊರ ಹಿರಿಯರು ಹೀಗೆ ಅನೇಕರಿಗೆ ಕಂದಾಯವಿಲ್ಲದೆ ಅಥವಾ ಅಲ್ಪ ಕಂದಾಯಕ್ಕೆ ಭೂಮಿ ಬಿಟ್ಟುಕೊಟ್ಟಿದ್ದರು. ಈ ಇನಾಂ ಭೂಮಿಗಳಿಂದ ಖಜಾನೆಗೆ ಆಗುತ್ತಿದ್ದ ನಷ್ಟ ಕಂಪನಿಯ ಲೆಕ್ಕಿಗರ ಕಣ್ಣು ಕುಕ್ಕಿತು. 1843ರಿಂದಲೇ ದಕ್ಷಿಣ ಮರಾಠಾ ಸೀಮೆಯಲ್ಲಿ ಹಕ್ಕುಪತ್ರಗಳ ಪರಿಶೀಲನೆ ಆರಂಭವಾಯಿತು. 1852ರ 11ನೇ ಕಾಯಿದೆ ಅದಕ್ಕೆ ಪೂರ್ಣ ಶಾಸನಬಲ ಕೊಟ್ಟಿತು. ಇನಾಂದಾರ ತನ್ನ ಸನದು ತೋರಿಸಬೇಕು, ಪೇಶ್ವೆಯ ದಫ್ತರದ ದಾಖಲೆಗೆ ಅದು ತಾಳೆಯಾಗಬೇಕು, ತಾಳೆಯಾಗದಿದ್ದರೆ ಭೂಮಿಗೆ ಪೂರ್ಣ ಕಂದಾಯ. ವಿಷಯ ಸಿವಿಲ್ ನ್ಯಾಯಾಲಯಗಳ ವ್ಯಾಪ್ತಿಗೆ ಹೊರಗು. ಪರಿಶೀಲನೆಗೆ ಒಳಪಟ್ಟ 35,000 ಇನಾಮುಗಳಲ್ಲಿ 21,000 ರದ್ದಾದವೆಂಬುದು ಇತಿಹಾಸಕಾರರು ಸಾಮಾನ್ಯವಾಗಿ ಕೊಡುವ ಲೆಕ್ಕ. ಅಂದರೆ ಐದರಲ್ಲಿ ಮೂರು.

ಇಲ್ಲಿ ಕಂಪನಿಯ ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ಮರಾಠಾ ಆಳ್ವಿಕೆಯ ಕೊನೆಯ ಗೊಂದಲದ ದಿನಗಳಲ್ಲಿ ಸುಳ್ಳು ಸನದುಗಳು ಹುಟ್ಟಿಕೊಂಡದ್ದು ನಿಜ. ತೆರಿಗೆ ಕೊಡದವನ ಭಾರವನ್ನು ತೆರಿಗೆ ಕೊಡುವ ರೈತ ಹೊರಬೇಕಾಗುತ್ತದೆ ಎಂಬ ವಾದದಲ್ಲೂ ಹುರುಳಿಲ್ಲದಿಲ್ಲ. ಇನಾಂದಾರನ ಕೈಕೆಳಗಿನ ಒಕ್ಕಲಿಗ ಸುಖವಾಗಿದ್ದನೆಂದು ನಂಬಲು ಕಾರಣವೂ ಇಲ್ಲ. ಆದರೆ ಕಂದಾಯ ಆಡಳಿತದಲ್ಲಿ ದುಡಿದ ಯಾರಿಗೇ ಆದರೂ ಒಂದು ಸಂಗತಿ ಗೊತ್ತಿರುತ್ತದೆ. ಮೂರು ತಲೆಮಾರುಗಳಿಂದ ಒಂದು ಕುಟುಂಬ ಅನುಭವಿಸಿಕೊಂಡು ಬಂದ ಭೂಮಿಗೆ ಇಂದು ಥಟ್ಟನೆ ಕಾಗದ ಕೇಳಿದರೆ, ಕಾಗದವಿಲ್ಲದವರೆಲ್ಲ ಮೋಸಗಾರರಲ್ಲ. ಗೆದ್ದಲು, ಮಳೆ, ದರೋಡೆ, ಯುದ್ಧಗಳಿಗೆ ಸಿಕ್ಕಿ ದಾಖಲೆಗಳು ನಾಶವಾಗಿರುತ್ತವೆ. ಹಕ್ಕನ್ನು ಸಾಬೀತುಪಡಿಸುವ ಹೊಣೆಯನ್ನು ಸಂಪೂರ್ಣವಾಗಿ ಪ್ರಜೆಯ ಮೇಲೆ ಹೊರಿಸಿ, ತೀರ್ಪು ಕೊಡುವ ಅಧಿಕಾರವನ್ನು ಲಾಭ ಪಡೆಯುವ ಸರ್ಕಾರವೇ ಇಟ್ಟುಕೊಂಡರೆ, ಅದನ್ನು ವಿಚಾರಣೆ ಎಂದು ಕರೆಯುವುದು ಕಷ್ಟ. ಅರ್ಥಶಾಸ್ತ್ರದ ದೃಷ್ಟಿಯಿಂದಲೂ ಹಕ್ಕಿನ ಭದ್ರತೆ ಕುಸಿದ ಕಡೆ ಸಾಲವೂ ಹುಟ್ಟದು, ಬಾವಿಯೂ ತೋಡಲ್ಪಡದು. ಖಜಾನೆಯ ಲೆಕ್ಕದಲ್ಲಿ ಕಾಣುವ ಉಳಿತಾಯ ಊರಿನ ಲೆಕ್ಕದಲ್ಲಿ ಭೀತಿಯಾಗಿ ನಮೂದಾಗುತ್ತದೆ.

ನರಗುಂದದ ಒಡೆಯನ ಸುತ್ತಮುತ್ತ ಇಂಥ ಭೀತಿ ಮನೆಮನೆಯಲ್ಲಿತ್ತು. ಇದರ ಮೇಲೆ ಬಂದದ್ದು 1857ರ ನಿಶ್ಶಸ್ತ್ರೀಕರಣದ ಆಜ್ಞೆ. ಉತ್ತರ ಭಾರತದ ಸಿಪಾಯಿ ದಂಗೆಯಿಂದ ಬೆದರಿದ ಸರ್ಕಾರ ಆಯುಧಗಳನ್ನು ಒಪ್ಪಿಸುವಂತೆ ಆದೇಶಿಸಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಊರಿಗೆ ಬೆಂಕಿ ಬಿತ್ತು, ಡಿಸೆಂಬರ್‌ನಲ್ಲಿ 19 ಮಂದಿಯನ್ನು ನೇಣಿಗೆ ಹಾಕಲಾಯಿತು. ಹಲಗಲಿಯ ಲಾವಣಿ ಇಂದಿಗೂ ಆ ನೆನಪನ್ನು ಹೊತ್ತು ನಿಂತಿದೆ. ನರಗುಂದಕ್ಕೂ ತೋಪುಗಳನ್ನು ಒಪ್ಪಿಸಬೇಕೆಂಬ ಒತ್ತಾಯ ಬಂತು. ಮದ್ದುಗುಂಡುಗಳಿಗಿಂತ ಹೆಚ್ಚಾಗಿ ತೋಪು ಸಂಸ್ಥಾನಿಕನ ಮರ್ಯಾದೆಯ ಗುರುತು. ವಾರಸುದಾರನಿಲ್ಲ, ನಾಳೆ ರಾಜ್ಯವಿಲ್ಲ, ಇಂದು ತೋಪೂ ಇಲ್ಲವೆಂದರೆ ಉಳಿದದ್ದೇನು?

1858ರ ಮೇ ಕೊನೆಯ ವಾರದಲ್ಲಿ ಕಿಡಿ ಹೊತ್ತಿತು. ಮುಂಡರಗಿ ಭೀಮರಾಯ ಬಂಡೆದ್ದು ಡಂಬಳದ ಮೇಲೆ ದಾಳಿ ಮಾಡಿ, ಹಮ್ಮಿಗಿಯ ಕೆಂಚನಗೌಡನೊಡನೆ ಕೊಪ್ಪಳದ ಕೋಟೆಯನ್ನು ಹಿಡಿದ. ನರಗುಂದವೂ ಸಿದ್ಧವಾಗುತ್ತಿದೆ ಎಂಬ ಸುದ್ದಿ ಹಬ್ಬಿತು. ಈ ಹಂತದಲ್ಲಿ ಮ್ಯಾನ್ಸನ್ ರಂಗಕ್ಕೆ ಬರುತ್ತಾನೆ. ಆತ ಧೈರ್ಯವಂತ, ಕಾರ್ಯತತ್ಪರ. ಆದರೆ ಹಿಂದೆ ಇನಾಂ ಕಮಿಷನ್ನಿನ ಕೆಲಸದಲ್ಲಿದ್ದವನು. ಜನರ ಕಣ್ಣಿಗೆ ಆತ ಚಾರ್ಲ್ಸ್ ಮ್ಯಾನ್ಸನ್ ಎಂಬ ವ್ಯಕ್ತಿಯಲ್ಲ, ಮನೆಗೆ ಬಂದು ಕಾಗದ ಕೇಳಿ ಭೂಮಿ ಕಸಿದ ಸರ್ಕಾರದ ಮುಖ. ಕ್ಷೇತ್ರದಲ್ಲಿ ನಿಲ್ಲುವ ಅಧಿಕಾರಿಯ ಪಾಡೇ ಇದು. ನೀತಿ ರೂಪಿಸಿದವರು ಮುಂಬಯಿಯಲ್ಲೋ ಕಲ್ಕತ್ತೆಯಲ್ಲೋ ಇರುತ್ತಾರೆ, ಅದರ ಫಲವನ್ನು ಉಣ್ಣುವವನು ಊರಿನ ದಾರಿಯಲ್ಲಿ ಸಿಗುವವನು.

ಮ್ಯಾನ್ಸನ್ ಸಣ್ಣ ಬೆಂಗಾವಲಿನೊಡನೆ ರಾಮದುರ್ಗಕ್ಕೆ ಬಂದ. ರಾಮದುರ್ಗದ ಒಡೆಯ ಬಾಬಾಸಾಹೇಬನ ಮಲಸಹೋದರ. ದಂಗೆಯಲ್ಲಿ ಸೇರಲು ನರಗುಂದದಿಂದ ತನಗೆ ಬಂದಿದ್ದ ಪತ್ರವನ್ನು ಆತ ಮ್ಯಾನ್ಸನ್‌ಗೆ ತೋರಿಸಿ, ಮುಂದೆ ಹೋಗುವುದು ಅಪಾಯವೆಂದು ಎಚ್ಚರಿಸಿದ. ಮ್ಯಾನ್ಸನ್ ನಿಲ್ಲದೆ ಹೊರಟು ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ. ಸುದ್ದಿ ತಿಳಿದ ಬಾಬಾಸಾಹೇಬ ನೂರಾರು ಜನರ ಪಡೆಯೊಡನೆ ಬಂದು ರಾತ್ರಿಯ ಹೊತ್ತಿನಲ್ಲಿ ಮೇಲೆರಗಿದ. ದಣಿದು ಮಲಗಿದ್ದ ಮ್ಯಾನ್ಸನ್ ಎಚ್ಚೆತ್ತು ಎದುರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆತನ ಜೊತೆಗಿದ್ದವರಲ್ಲಿ ಅನೇಕರು ಸತ್ತರು. ಮ್ಯಾನ್ಸನ್‌ನ ತಲೆಯನ್ನು ಕಡಿದು ನರಗುಂದಕ್ಕೆ ಒಯ್ದು ಊರ ಬಾಗಿಲಿಗೆ ತೂಗುಹಾಕಲಾಯಿತು.

ಈ ಕೃತ್ಯವನ್ನು ವೀರಗಾಥೆಯ ಭಾಷೆಯಲ್ಲಿ ಮುಚ್ಚಿಹಾಕುವುದು ಸರಿಯಲ್ಲ. ನಿದ್ದೆಯಲ್ಲಿದ್ದವನ ಮೇಲೆ ಎರಗುವುದು, ಶವದ ತಲೆಯನ್ನು ಪ್ರದರ್ಶನಕ್ಕಿಡುವುದು ಯಾವ ಧರ್ಮಯುದ್ಧದ ನಿಯಮಕ್ಕೂ ಒಗ್ಗುವುದಿಲ್ಲ. ಸಾವಿರಾರು ಗ್ರಂಥಗಳನ್ನು ಕೂಡಿಟ್ಟಿದ್ದ ಬಾಬಾಸಾಹೇಬನಿಗೆ ಇದು ನಮಗಿಂತ ಚೆನ್ನಾಗಿ ತಿಳಿದಿದ್ದಿರಬೇಕು. ಹಾಗೆಂದು ಅದನ್ನು ಬರಿಯ ಕೊಲೆ ಪ್ರಕರಣವಾಗಿ ಕಾಣುವುದೂ ಅಪೂರ್ಣ. ಬಂಡಾಯದ ಉದ್ದೇಶವಿಲ್ಲದೆ ಆ ಕೊಲೆ ನಡೆಯುತ್ತಿರಲಿಲ್ಲ, ವರ್ಷಗಳ ಅಸಮಾಧಾನವಿಲ್ಲದೆ ಆ ಬಂಡಾಯವೂ ಏಳುತ್ತಿರಲಿಲ್ಲ.

ಮುಂದಿನ ಘಟನೆಗಳು ವೇಗವಾಗಿ ಉರುಳಿದವು. ಜೂನ್ 1ರಂದು ಕರ್ನಲ್ ಮಾಲ್ಕಮ್‌ನ ಸೇನೆ ನರಗುಂದದ ಮುಂದಿತ್ತು. ಅದೇ ದಿನ ಕೊಪ್ಪಳದ ಕೋಟೆ ಬಿದ್ದು ಮುಂಡರಗಿ ಭೀಮರಾಯ ಹೋರಾಡುತ್ತ ಮಡಿದ. ಎರಡು ಬಂಡಾಯಗಳು ಒಂದಾಗಿ ಬೆಳೆಯುವ ಅವಕಾಶ ಅಲ್ಲಿಗೇ ಮುಗಿಯಿತು. ನರಗುಂದದ ಬಯಲಿನಲ್ಲಿ ನಡೆದ ಕಾಳಗದಲ್ಲಿ ಸಂಸ್ಥಾನದ ಪಡೆ ಚದುರಿತು, ಊರು ಕಂಪನಿಯ ಕೈಸೇರಿತು. ಮರುದಿನ ಗುಡ್ಡ ಹತ್ತಿದ ಸೈನಿಕರಿಗೆ ಕೋಟೆಯಲ್ಲಿ ಎದುರಾಳಿಗಳೇ ಇರಲಿಲ್ಲ. ಬಾಬಾಸಾಹೇಬ ಕೆಲವೇ ಅನುಚರರೊಡನೆ ತಪ್ಪಿಸಿಕೊಂಡಿದ್ದ. ಪೊಲೀಸ್ ಅಧಿಕಾರಿ ಫ್ರಾಂಕ್ ಸೂಟರ್ ಬೆನ್ನುಹತ್ತಿ, ತೊರಗಲ್ಲಿನ ಕಾಡಿನಲ್ಲಿ ಪಂಢರಪುರದ ಯಾತ್ರಿಕರ ವೇಷದಲ್ಲಿದ್ದ ಅವರನ್ನು ಸೆರೆಹಿಡಿದ. ಈ ಸೂಟರ್ ಮುಂದೆ ಮುಂಬಯಿ ನಗರದ ಪೊಲೀಸ್ ಕಮಿಷನರ್ ಆಗಿ ಎರಡು ದಶಕಕ್ಕೂ ಹೆಚ್ಚು ಕಾಲ ಅಧಿಕಾರ ನಡೆಸಿದ. ಬಾಬಾಸಾಹೇಬನ ತಾಯಿ ಮತ್ತು ಪತ್ನಿ ಮಲಪ್ರಭೆಯಲ್ಲಿ ಬಿದ್ದು ಪ್ರಾಣಬಿಟ್ಟರು. ದತ್ತು ಮಗನನ್ನು ಎತ್ತಿ ಆಡಿಸಬೇಕಾಗಿದ್ದ ಮನೆ ಹೀಗೆ ಒಂದೇ ವಾರದಲ್ಲಿ ಬರಿದಾಯಿತು. ಆತನ ಗ್ರಂಥಭಂಡಾರವೂ ಉಳಿಯಲಿಲ್ಲ.

ಬೆಳಗಾವಿಯಲ್ಲಿ ವಿಚಾರಣೆ ನಡೆದು ಮರಣದಂಡನೆಯಾಯಿತು. ಸೆರೆಗೂ ಗಲ್ಲಿಗೂ ನಡುವೆ ಕೆಲವೇ ದಿನಗಳ ಅಂತರ. ಇಲ್ಲಿ ಒಂದು ಕಾನೂನಿನ ಪ್ರಶ್ನೆ ಇದೆ. ಒಪ್ಪಂದ ಮಾಡಿಕೊಳ್ಳುವಾಗ ಸಂಸ್ಥಾನಿಕ, ದತ್ತು ಕೇಳಿದಾಗ ಅನುಗ್ರಹದ ಮೇಲೆ ಬದುಕುವ ಜಹಗೀರುದಾರ, ಆಯುಧ ಎತ್ತಿದಾಗ ದ್ರೋಹಿ, ವಿಚಾರಣೆಯಲ್ಲಿ ಕೊಲೆಗಾರ. ಒಬ್ಬನೇ ವ್ಯಕ್ತಿಗೆ ಸರ್ಕಾರ ತನಗೆ ಅನುಕೂಲವಾದಂತೆ ಒಂದೊಂದು ಸಲ ಒಂದೊಂದು ಸ್ಥಾನ ಕೊಟ್ಟಿತು. ಈ ಹೆಸರಿಡುವಿಕೆ ಸಣ್ಣ ಸಂಗತಿಯಾಗಿರಲಿಲ್ಲ. ಅದೇ ವರ್ಷದ ನವೆಂಬರ್ 1ರಂದು ಹೊರಟ ವಿಕ್ಟೋರಿಯಾ ರಾಣಿಯ ಘೋಷಣೆ ದಂಗೆಕೋರರಿಗೆ ಕ್ಷಮಾದಾನ ನೀಡಿತು. ಆದರೆ ಬ್ರಿಟಿಷ್ ಪ್ರಜೆಗಳ ಕೊಲೆಯಲ್ಲಿ ನೇರವಾಗಿ ಭಾಗಿಯಾದವರನ್ನು ಅದರಿಂದ ಹೊರಗಿಟ್ಟಿತು. ಬಾಬಾಸಾಹೇಬ ಆ ದಿನದವರೆಗೆ ಬದುಕಿದ್ದರೂ ಆ ಕ್ಷಮೆ ಆತನಿಗೆ ದೊರೆಯುತ್ತಿರಲಿಲ್ಲ.

ಇತಿಹಾಸದ ಕ್ರೂರ ವ್ಯಂಗ್ಯ ಇರುವುದು ಇದರ ನಂತರ. ಅದೇ ಘೋಷಣೆ ದೇಶೀಯ ಅರಸರೊಡನೆ ಮಾಡಿಕೊಂಡ ಒಪ್ಪಂದಗಳನ್ನು ಗೌರವಿಸುವ, ರಾಜ್ಯವಿಸ್ತಾರವನ್ನು ಬಯಸದ ಭರವಸೆ ಕೊಟ್ಟಿತು. ಆಗ ಬಾಬಾಸಾಹೇಬ ಗಲ್ಲಿಗೇರಿ ಐದು ತಿಂಗಳೂ ತುಂಬಿರಲಿಲ್ಲ. 1862ರಲ್ಲಿ ಲಾರ್ಡ್ ಕ್ಯಾನಿಂಗ್ ಸಂಸ್ಥಾನಿಕರಿಗೆ ದತ್ತು ಸ್ವೀಕಾರದ ಹಕ್ಕನ್ನು ಮಾನ್ಯ ಮಾಡುವ ಸನದುಗಳನ್ನು ಕೊಟ್ಟ. 1863ರಲ್ಲಿ ಮುಂಬಯಿ ಸರ್ಕಾರ ಎರಡು ಕಾಯಿದೆಗಳನ್ನು ತಂದು, ಹಳೆಯ ಹಕ್ಕುಪತ್ರಗಳನ್ನು ಕೆದಕುವುದನ್ನು ನಿಲ್ಲಿಸಿ, ಕಂದಾಯದ ಒಂದು ಪಾಲನ್ನು ಕಟ್ಟಲು ಒಪ್ಪಿದ ಇನಾಂದಾರರಿಗೆ ಭೂಮಿಯನ್ನು ವಂಶಪಾರಂಪರ್ಯವಾಗಿ ಖಾಯಂ ಮಾಡಿತು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಸ್ವೀಕರಿಸಿದ ದತ್ತಕವನ್ನು ಬ್ರಿಟಿಷ್ ಸರ್ಕಾರ 1867ರಲ್ಲಿ ಒಪ್ಪಿತು. 1881ರಲ್ಲಿ ರಾಜ್ಯವನ್ನೇ ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿತು. ದಂಗೆಯಿಂದ ದೂರ ಉಳಿದ ರಾಮದುರ್ಗ 1948ರವರೆಗೆ ಸಂಸ್ಥಾನವಾಗಿಯೇ ಮುಂದುವರಿಯಿತು. ನರಗುಂದ ಮಾತ್ರ ಬ್ರಿಟಿಷ್ ಜಿಲ್ಲೆಯ ಒಂದು ಭಾಗವಾಗಿ ಕರಗಿತು.

ಅಂದರೆ ಬಾಬಾಸಾಹೇಬ ಏನನ್ನು ಅರ್ಜಿಯಲ್ಲಿ ಬೇಡಿದ್ದನೋ ಅದನ್ನು ನಾಲ್ಕು ವರ್ಷಗಳೊಳಗೆ ಸರ್ಕಾರ ತಾನಾಗಿಯೇ ಎಲ್ಲರಿಗೂ ಕೊಟ್ಟಿತು. ಕೊಟ್ಟದ್ದರಿಂದ ಸಾಮ್ರಾಜ್ಯವೇನೂ ಮುಳುಗಲಿಲ್ಲ, ಖಜಾನೆಯೂ ಬರಿದಾಗಲಿಲ್ಲ. 1862ರಲ್ಲಿ ವಿವೇಕವೆನಿಸಿದ ಕ್ರಮ ಅದಕ್ಕೂ ಮೊದಲೇ ವಿವೇಕವೆನಿಸಿದ್ದರೆ ನರಗುಂದದ ಬಾಗಿಲಿಗೆ ಮ್ಯಾನ್ಸನ್‌ನ ತಲೆ ತೂಗುತ್ತಿರಲಿಲ್ಲ, ಬೆಳಗಾವಿಯಲ್ಲಿ ಬಾಬಾಸಾಹೇಬನ ದೇಹವೂ ತೂಗುತ್ತಿರಲಿಲ್ಲ. ಆಡಳಿತದಲ್ಲಿ ತಡವಾಗಿ ಬರುವ ವಿವೇಕಕ್ಕೆ ಬೆಲೆ ತೆರುವವರು ಆ ವಿವೇಕದ ಫಲಾನುಭವಿಗಳಲ್ಲ, ಅವರಿಗಿಂತ ಮೊದಲು ಸರತಿಯಲ್ಲಿ ನಿಂತವರು.

ಈ ಮಾತು ಪರಕೀಯರ ಆಡಳಿತಕ್ಕೆ ಮಾತ್ರ ಅನ್ವಯವಾಗುವುದಾಗಿದ್ದರೆ ನಾವು ನೆಮ್ಮದಿಯಿಂದಿರಬಹುದಿತ್ತು. ಆದರೆ 1980ರ ಜುಲೈ 21ರಂದು ನರಗುಂದದ ಹೆಸರು ಮತ್ತೆ ನಾಡಿನಾದ್ಯಂತ ಕೇಳಿಸಿತು. ಮಲಪ್ರಭಾ ಯೋಜನೆಯ ಪ್ರದೇಶದ ರೈತರ ಮೇಲೆ ಬೆಟರ್‌ಮೆಂಟ್ ಲೆವಿ ಎಂಬ ಅಭಿವೃದ್ಧಿ ಕರವನ್ನು ಹೇರಲಾಗಿತ್ತು. ನೀರಾವರಿಯಿಂದ ಭೂಮಿಯ ಮೌಲ್ಯ ಏರಿದೆ, ಆ ಏರಿಕೆಯಲ್ಲಿ ಸರ್ಕಾರಕ್ಕೂ ಪಾಲು ಸಲ್ಲಬೇಕು ಎಂಬುದು ಪುಸ್ತಕದ ಅರ್ಥಶಾಸ್ತ್ರಕ್ಕೆ ಒಪ್ಪುವ ವಾದವೇ. ಆದರೆ ನೀರು ಸರಿಯಾಗಿ ತಲುಪದ ಹೊಲದ ಒಡೆಯನೂ ಕರ ಕಟ್ಟಬೇಕೆಂದಾಗ ವಾದ ಮುರಿದುಬೀಳುತ್ತದೆ. ರೈತರು ಮನವಿ ಸಲ್ಲಿಸಿದರು, ಕಾದರು, ಕೊನೆಗೆ ಬೀದಿಗಿಳಿದರು. ನರಗುಂದ, ನವಲಗುಂದಗಳಲ್ಲಿ ಅಂದು ಗೋಲಿಬಾರ್ ನಡೆಯಿತು. ರೈತರೂ ಸತ್ತರು, ಪೊಲೀಸರೂ ಸತ್ತರು. ಆ ಬೆಂಕಿಯಿಂದಲೇ ರಾಜ್ಯದ ರೈತ ಚಳವಳಿ ಬಲ ಪಡೆಯಿತು. 1983ರ ಚುನಾವಣೆಯಲ್ಲಿ ಆಳುವ ಪಕ್ಷ ಅಧಿಕಾರ ಕಳೆದುಕೊಂಡುದಕ್ಕೆ ಇದ್ದ ಕಾರಣಗಳಲ್ಲಿ ಈ ಘಟನೆಯೂ ಒಂದು.

ಎರಡು ನರಗುಂದಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನನ್ನ ಉದ್ದೇಶವಲ್ಲ. 1858ರಲ್ಲಿ ಇದ್ದದ್ದು ಒಬ್ಬ ಅರಸನ ಹಕ್ಕಿನ ಪ್ರಶ್ನೆ, 1980ರಲ್ಲಿ ಸಾವಿರಾರು ರೈತರ ಬದುಕಿನ ಪ್ರಶ್ನೆ. ಒಂದರಲ್ಲಿ ಅಧಿಕಾರ ಸಾಗರದಾಚೆಯದು, ಇನ್ನೊಂದರಲ್ಲಿ ನಾವೇ ಆರಿಸಿದ್ದು. ಆದರೂ ಒಂದು ಸಾಮ್ಯ ಕಣ್ಣಿಗೆ ಬೀಳದಿರದು. ಎರಡೂ ಸಲ ಮೊದಲು ಬಂದದ್ದು ಕಾಗದ, ಆಯುಧವಲ್ಲ. ಮೊದಲು ಅರ್ಜಿ ಬಂತು, ಮನವಿ ಬಂತು, ಪ್ರತಿನಿಧಿಗಳ ನಿಯೋಗ ಬಂತು. ಅದನ್ನು ಓದಬೇಕಾದವರು ಷರಾ ಬರೆದು ಮುಚ್ಚಿದರು. ಷರಾ ಬರೆದವರಿಗೆ ಏನೂ ಆಗಲಿಲ್ಲ. ಪ್ರಾಣ ಹೋದದ್ದು ದಾರಿಯಲ್ಲಿ ಮಲಗಿದ್ದ ಅಧಿಕಾರಿಯದು, ಲಾಠಿ ಹಿಡಿದು ನಿಂತ ಪೊಲೀಸನದು, ಹೊಲದಿಂದ ಬಂದ ರೈತನದು.

ಬಾಬಾಸಾಹೇಬನನ್ನು ಹುತಾತ್ಮನೆಂದು ನೆನೆಯುವವರಿದ್ದಾರೆ, ಅದು ಸಹಜ. ಆತನ ಸ್ಮರಣೆಗೆ ಹಾರ ಹಾಕುವಾಗ ಮ್ಯಾನ್ಸನ್‌ನ ಸಾವನ್ನೂ ನೆನೆದರೆ ಆತನ ಗೌರವವೇನೂ ಕುಗ್ಗುವುದಿಲ್ಲ. ಒಂದು ಕೆಟ್ಟ ನೀತಿ ಇಬ್ಬರನ್ನೂ ಬಲಿ ತೆಗೆದುಕೊಂಡಿತು. ಒಬ್ಬ ಅದನ್ನು ಜಾರಿ ಮಾಡುತ್ತ ಸತ್ತ, ಇನ್ನೊಬ್ಬ ಅದನ್ನು ಎದುರಿಸಿ ಸತ್ತ. ಆ ನೀತಿ ನಾಲ್ಕೈದು ವರ್ಷಗಳಲ್ಲಿ ಸದ್ದಿಲ್ಲದೆ ರದ್ದಾಯಿತು, ರದ್ದು ಮಾಡಿದ ಆದೇಶದಲ್ಲಿ ಇಬ್ಬರ ಹೆಸರೂ ಇರಲಿಲ್ಲ. ನರಗುಂದದ ಗುಡ್ಡದ ಮೇಲಿನ ಮುರಿದ ಗೋಡೆಗಳನ್ನು ನೋಡಲು ಹೋಗುವ ಹೊಸ ಪೀಳಿಗೆಯ ಅಧಿಕಾರಿಗಳು ಅಲ್ಲಿ ಕೋಟೆಯ ಇತಿಹಾಸವನ್ನಷ್ಟೇ ಅಲ್ಲ, ತಮ್ಮ ಮೇಜಿನ ಮೇಲೆ ಉತ್ತರ ಕಾಯುತ್ತಿರುವ ಅರ್ಜಿಗಳನ್ನೂ ಒಮ್ಮೆ ನೆನೆಯಲಿ.